ಕೈಹೊಲಿಗೆಯ ಕುಂದೂ ಅದರ ಬೆಲೆಯೂ

ಮನೆಗೆಲಸವೆಲ್ಲ ತೀರಿದ ಮೇಲೆ ದೊರೆಯುವ ಒಂದೆರಡು ತಾಸಿನ ಬಿಡುವಿನಲ್ಲಿ ಏನಾದರೂ ಹೊಲಿದು, ಅದನ್ನು ಮಾರಿ, ಸಂಸಾರದ ವೆಚ್ಚಕ್ಕೆ ನಾಲ್ಕು ಕಾಸನ್ನು ಕೂಡಿಸುವ ಸೋದರಿಯರು ಇಂದು ನಮ್ಮಲ್ಲಿ ಬಹುಮಂದಿ ಇರುವರು. ಕೈಚೀಲ, ದಿಂಬಿನ ಗವಸು, ಕೂಸಿನ ಕುಲಾವಿ, ಕೌದಿ, ಕಸೂತಿಯ ಸೆರಗು ಮೊದಲಾದುವುಗಳ ಚಿತ್ರವನ್ನು ಫೋನಿನಲ್ಲಿ ತೆಗೆದು, ಮುಖ ಕಂಡರಿಯದವರಿಗೂ ಕಳುಹಿಸಿ ಮಾರುವುದು ಈಗ ಸುಲಭವಾಗಿದೆ. ಆದರೆ ಕೆಲಸ ಮುಗಿದು, ವಸ್ತುವನ್ನು ಮಡಿಸಿ ಕಟ್ಟುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದಾಗ, ಎಲ್ಲಿಯೋ ಒಂದು ಕಡೆ ಹೊಲಿಗೆಯು ಸೊಟ್ಟಾಗಿರುವುದು ಕಣ್ಣಿಗೆ ಬೀಳುತ್ತದೆ. ಒಂದು ಕಣ್ಣು ಎಣಿಕೆ ತಪ್ಪಿರುತ್ತದೆ, ಪಟ್ಟೆಗೆ ಪಟ್ಟೆ ಕೂಡಿರುವುದಿಲ್ಲ. ಇದನ್ನು ಮುಚ್ಚಬೇಕೆ, ಹೇಳಬೇಕೆ, ಅಥವಾ ಬಿಚ್ಚಿ ಮತ್ತೆ ಹೊಲಿಯಬೇಕೆ? ಈ ತಿಂಗಳ ಪುಟವನ್ನು ಈ ಒಂದು ಪ್ರಶ್ನೆಗೇ ಮೀಸಲಿಟ್ಟಿರುವೆವು.

ಈ ವಿಷಯದಲ್ಲಿ ಎರಡು ಬಗೆಯ ಜನರನ್ನು ಕಾಣುತ್ತೇವೆ. ಒಬ್ಬಾಕೆಯು ಕುಂದಿರುವ ಭಾಗವು ಒಳಗಾಗುವಂತೆ ಜಾಣತನದಿಂದ ಮಡಿಸಿ ಕಟ್ಟಿಕೊಡುವಳು. ಕೊಂಡವರು ಮನೆಯಲ್ಲಿ ಬಿಚ್ಚಿ ನೋಡುವರು. ಮರಳಿ ಬಂದು ಜಗಳವಾಡುವುದಿಲ್ಲ, ಮತ್ತೆ ಎಂದೂ ಕೊಳ್ಳುವುದೂ ಇಲ್ಲ. ಮತ್ತೊಬ್ಬಾಕೆಯಾದರೋ, ಕೊಳ್ಳುವವರು ವಸ್ತುವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, "ಇಲ್ಲಿ ಕೊಂಚ ಓರೆಯಾಗಿದೆ, ಅಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ, ನಿಮಗೆ ತೋಚಿದಷ್ಟು ಕೊಡಿರಿ" ಎಂದು ತಾನಾಗಿಯೇ ತಲೆ ತಗ್ಗಿಸುವಳು. ಮೊದಲನೆಯವಳು ಹೆಸರನ್ನು ಕಳೆದುಕೊಳ್ಳುವಳು, ಎರಡನೆಯವಳು ಕೂಲಿಯನ್ನು. ನಮ್ಮ ಅಭಿಪ್ರಾಯದಲ್ಲಿ ಇಬ್ಬರ ಕಷ್ಟಕ್ಕೂ ಕಾರಣ ಒಂದೇ: ಯಾವುದು ಕುಂದು, ಯಾವುದು ಕೈಯ ಗುರುತು, ಎಂಬುದನ್ನು ಅವರು ವಿಂಗಡಿಸಿ ನೋಡಿಕೊಂಡಿರುವುದಿಲ್ಲ.

ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ, ನವಿಲು ಇವೆಲ್ಲವನ್ನೂ ಎಬ್ಬಿಸಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂದು ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿಯು ಒಂದು ಸಲ ಮುಂದಕ್ಕೆ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಬರುತ್ತದೆ. ಆದುದರಿಂದಲೇ ಒಳಗೂ ಹೊರಗೂ ಚಿತ್ರವು ಒಂದೇ ಸಮನಾಗಿ ಕಾಣುತ್ತದೆ. ಮೆಟ್ಟಿಲುಮೆಟ್ಟಿಲಾಗಿ ಓರೆಯಲ್ಲಿ ಸಾಗುವ ಮುರ್ಗಿಯೂ ಹಾಗೆಯೇ. ದಾರದ ತುದಿಗೆ ಗಂಟು ಹಾಕುವುದು ನಿಷಿದ್ಧ. ಆದರೆ ಮೆಂಥಿಯು ಮೆಂತ್ಯದ ಕಾಳುಗಳನ್ನು ಒತ್ತಾಗಿ ಹರಡಿದಂತೆ ಅಡ್ಡಹೊಲಿಗೆಯಿಂದ ತುಂಬತಕ್ಕುದಾದ್ದರಿಂದ ಅದರ ಹಿಂಬದಿಯು ಮುಂಬದಿಯಂತೆ ಇರಲಾರದು. ನೆಯ್ದಂತೆ ತೋರುವ ನೇಯ್ಗಿಯಲ್ಲಿ ಮುಂದೆ ದಾರವಿದ್ದ ಎಡೆಯು ಹಿಂದೆ ಬರಿದಾಗಿರುತ್ತದೆ.

ಇಷ್ಟನ್ನು ಅರಿಯದ ಗ್ರಾಹಕನು ಮೆಂಥಿಯ ಕೆಲಸವನ್ನು ಮಗುಚಿ ನೋಡಿ, "ಹಿಂದೆ ಚೆನ್ನಾಗಿಲ್ಲ" ಎಂದು ಬೆಲೆಯನ್ನು ಮುರಿದರೆ, ಹೊಲಿದಾಕೆಯು ಒಪ್ಪಿಕೊಳ್ಳಬೇಕಾದ ಕಾರಣವೇನೂ ಇಲ್ಲ. ಅದು ಆ ಹೊಲಿಗೆಯ ಸ್ವಭಾವ. ಹಾಗೆಯೇ ಕೈಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕುಗಳ ಎಳೆಗಳು ಒಂದೇ ಒತ್ತಿನಲ್ಲಿ ಇರುವುದು ಅಪರೂಪ. ಹಾಸು ಒತ್ತಾಗಿದ್ದು ಹೊಕ್ಕು ಬಿಡಿಯಾಗಿದ್ದರೆ, ಎರಡು ಕಡೆಗೂ ಸಮನಾಗಿ ಎಣಿಸಿ ಹೊಲಿದ ಚೌಕವು ಕೊಂಚ ಉದ್ದವಾಗಿಯೇ ಕಾಣುವುದು. ಎಣಿಕೆ ಸರಿಯಾಗಿದೆ, ಬಟ್ಟೆಯು ತನ್ನ ನಡೆಯನ್ನು ನಡೆದಿದೆ, ಅಷ್ಟೆ. ಇದಕ್ಕೆ ಕಾಸನ್ನು ಕಡಿಮೆ ಮಾಡುವುದು ನ್ಯಾಯವಲ್ಲ.

ನಿಜವಾದ ಕುಂದು ಯಾವುದೆಂದರೆ, ಒಂದು ಎಳೆಯ ಎಣಿಕೆ ತಪ್ಪಿ, ಸುತ್ತಿ ಬಂದ ಗೆರೆಯು ಹೊರಟ ಸ್ಥಳವನ್ನು ಸೇರದಿರುವುದು. ಆಗ ಹೊಲಿಯುವಾಕೆಯು ಒಂದು ಓರೆಯ ಕಣ್ಣನ್ನು ಹಾಕಿ ತುದಿಗಳನ್ನು ಕೂಡಿಸಿಬಿಡುವಳು. ದೂರದಿಂದ ಕಾಣದು, ಬಲ್ಲವರ ಕಣ್ಣಿಗೆ ಮಾತ್ರ ಅಲ್ಲಿಯೇ ಬೀಳುವುದು. ಇದರಿಂದ ಸೀರೆಯ ಬಾಳಿಕೆಗೆ ಏನೂ ಬಾಧಕವಿಲ್ಲ. ಬಿಚ್ಚಿ ಹೊಲಿಯಬಹುದಲ್ಲವೆ ಎಂದರೆ, ರೇಷ್ಮೆಯಲ್ಲಿ ಸೂಜಿಯ ತೂತು ಹಾಗೆಯೇ ಉಳಿದು, ಬಿಚ್ಚಿದ ಗುರುತು ಮೊದಲಿನ ತಪ್ಪಿಗಿಂತ ಕೆಟ್ಟದಾಗಿ ತೋರುವುದುಂಟು. ಇಂತಹ ಕುಂದನ್ನು ಬಾಯಿಬಿಟ್ಟು ಹೇಳಿ, ಬೆಲೆಯಲ್ಲಿ ತುಸು ಬಿಟ್ಟುಕೊಟ್ಟು ಮಾರುವುದೇ ಸರಿಯಾದ ಮಾರ್ಗ.

ಈಗ ಯಂತ್ರದಲ್ಲಿ ಹೊಲಿದ "ಕಸೂತಿ"ಯೂ ಅಂಗಡಿಗಳಿಗೆ ಬಂದಿದೆ. ಅದರಲ್ಲಿ ಚೌಕಗಳೆಲ್ಲ ಚೌಕಗಳೇ. ನೂರು ಆನೆಗಳಿದ್ದರೆ ನೂರೂ ಒಂದೇ ಅಚ್ಚಿನವು. ಮಗುಚಿ ನೋಡಿದರೆ ಕೆಳಗಿನ ಉರುಳೆಯ ದಾರವು, ಬಹುಮಟ್ಟಿಗೆ ಬಿಳಿಯದು, ತಾನಾಗಿಯೇ ಸಾಕ್ಷಿ ಹೇಳುತ್ತದೆ. ಗವಂತಿಯಂತೆ ಎರಡು ಮುಖವೂ ಒಂದಾಗಿ ಅಲ್ಲಿ ಕಾಣುವುದಿಲ್ಲ. ಕೈಯ ಕೆಲಸವನ್ನು ಮಾರುವಾಕೆಯು ತನ್ನ ವಸ್ತುವಿನ ಹಿಂಬದಿಯ ಚಿತ್ರವನ್ನೂ ತೆಗೆದು ಕಳುಹಿಸುವುದು ಒಳಿತು.

ಕೌದಿಯ ಮಾತೇ ಬೇರೆ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕುವ ಈ ಹೊದಿಕೆಯಲ್ಲಿ ಹೊಂದಿಕೆಯಿಲ್ಲದ ತುಂಡೇ ಅಂದ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಜನಾಂಗದ ಸ್ತ್ರೀಯರು ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವರು. ನಾಲ್ಕು ಮೂಲೆಗಳಿಗೂ ಮಡಿಸಿದ ಮೂರು ಮೂಲೆಯ ತುಂಡುಗಳನ್ನು "ಫೂಲ"ವೆಂದು ಕೂಡಿಸದೆ ಇದ್ದರೆ ಹೊದಿಕೆಯು ಪೂರ್ತಿಯಾಯಿತೆಂದು ಅವರು ಎಣಿಸುವುದಿಲ್ಲ. ಅಂತಹ ಕೌದಿಯ ಸಾಲುಗಳನ್ನು ಅಳತೆಯ ಪಟ್ಟಿಯಿಂದ ಅಳೆಯಹೊರಟವನನ್ನು ಏನೆನ್ನಬೇಕು? ಅದೇ ಕೌದಿಯಲ್ಲಿ ಮೂಲೆಯ ಫೂಲವೊಂದು ಇಲ್ಲದಿದ್ದರೆ ಮಾತ್ರ, ನೋಡುವವರಿಗೆ ಕಾಣಲಿ ಕಾಣದಿರಲಿ, ಅದು ಕುಂದೇ ಸರಿ. ಒಳಗೆ ಹಾಕಿದ ಹಳೆಯ ಸೀರೆಯು ಜೀರ್ಣವಾಗಿದ್ದು ಬೆರಳಿನಿಂದ ಎಳೆದರೆ ಪರ್ರೆಂದು ಹರಿಯುವಂತಿದ್ದರೆ, ಮೇಲಿನ ಹೊಲಿಗೆ ಎಷ್ಟು ಮುದ್ದಾಗಿದ್ದರೂ ಆ ಕೌದಿಯನ್ನು ಮಾರಬಾರದು.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದ ನಾನೂರೈವತ್ತಕ್ಕೂ ಮಿಕ್ಕ ಲಂಬಾಣಿ ಸ್ತ್ರೀಯರ ಕೈಯಿಂದಾದ 1755 ತುಂಡುಗಳನ್ನು ಒಂದೆಡೆ ತೋರಿಸಿ ಗಿನ್ನೆಸ್ ದಾಖಲೆಯಾಯಿತು. ಇಷ್ಟೊಂದು ಕೈಗಳ ಕೆಲಸವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬೇಕೆಂದು ಯಾರೂ ಬಯಸಲಾರರು. ಆದರೆ ಅಲ್ಲಿಯೂ ಕನ್ನಡಿಯ ಬಿಲ್ಲೆಯು ಹೊಲಿಗೆಯಲ್ಲಿ ಅಲುಗಾಡುತ್ತಿದ್ದರೆ ಅದು ಕೈಯ ಗುರುತಲ್ಲ. ನಾಳೆ ಒಗೆಯುವಾಗ ಬಿದ್ದುಹೋಗುವ ಬಿಲ್ಲೆ ಅದು.

ಈ ಎಲ್ಲ ಉದಾಹರಣೆಗಳಿಂದ ಒಂದು ಪರೀಕ್ಷೆಯು ತಾನಾಗಿಯೇ ಹೊರಡುತ್ತದೆ. ಕುಂದು ಕಣ್ಣಿಗೆ ಮಾತ್ರವೋ, ಬಳಕೆಗೂ ಉಂಟೋ? ಕಣ್ಣಿಗೆ ಮಾತ್ರವಾದರೆ ಹೇಳಿ ಮಾರಬಹುದು. ಬಳಕೆಗಾದರೆ ಸರಿಪಡಿಸಬೇಕು, ಇಲ್ಲವೆ ಮನೆಯಲ್ಲಿ ಉಳಿಸಿಕೊಳ್ಳಬೇಕು. ಬೆಲೆ ಇಳಿಸಿದ ಮಾತ್ರಕ್ಕೆ ಅದು ಮಾರತಕ್ಕ ವಸ್ತುವಾಗದು. ಹೊಲಿಗೆಯ ಪಕ್ಕದಲ್ಲಿ ಸಾಕಷ್ಟು ಬಟ್ಟೆ ಬಿಡದೆ ಅಂಚಿಗೇ ಹೊಲಿದ ಚೀಲವು ಎರಡು ಸೇರು ಬೇಳೆಯ ಭಾರಕ್ಕೆ ಬಾಯಿಬಿಡುತ್ತದೆ. ಯಂತ್ರದ ಮೇಲಿನ ದಾರ ಬಿಗಿಯಾಗಿ ಕೆಳಗಿನದು ಸಡಿಲವಾಗಿದ್ದರೆ, ಒಂದು ಕಡೆ ಹಿಡಿದೆಳೆದಾಗ ಹೊಲಿಗೆಯೆಲ್ಲ ಸರಸರನೆ ಸುಕ್ಕಾಗಿ ಬರುತ್ತದೆ. ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಿದ ಲಂಗವು ಹೊಸದರಲ್ಲಿ ಸರಿಯಾಗಿದ್ದು, ಮೊದಲ ಒಗೆತಕ್ಕೆ ತಿರುಚಿಕೊಳ್ಳುವುದು. ಹತ್ತಿಯ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಹೊಲಿದರೆ ಅದು ಕುಗ್ಗುವುದೆಂದು ನಮ್ಮ ಅಜ್ಜಿಯಂದಿರಿಗೆ ತಿಳಿದಿತ್ತು. ಈಗ ಅವಸರದಲ್ಲಿ ಮರೆಯುತ್ತೇವೆ. ಕೆಂಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆಯಾದ ಬಿಳಿಯ ಅರಿವೆಯನ್ನು ಒತ್ತಿ ಉಜ್ಜಿ ನೋಡಿದರೆ ಬಣ್ಣ ಬಿಡುವುದೋ ಇಲ್ಲವೋ ಎಂಬುದು ಒಂದು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಮಕ್ಕಳ ಉಡುಪಿನ ವಿಷಯದಲ್ಲಿ ನಾವು ಯಾವ ರಿಯಾಯಿತಿಗೂ ಒಪ್ಪೆವು. ಸಡಿಲವಾದ ಗುಂಡಿಯು ಹಸುಗೂಸಿನ ಬಾಯಿಗೆ ಹೋಗುವುದು. ಕುತ್ತಿಗೆಯ ಬಳಿ ಜೋತಾಡುವ ಉದ್ದನೆಯ ದಾರವು ಯಾವುದಾದರೂ ಕೊಕ್ಕೆಗೆ ಸಿಕ್ಕಿಕೊಳ್ಳುವುದು. ಹೊಲಿಯಲು ಕುಳಿತಾಗ ಎಷ್ಟು ಗುಂಡುಸೂಜಿಗಳನ್ನು ಚುಚ್ಚಿಕೊಂಡಿರಿ ಎಂಬುದನ್ನು ಎಣಿಸಿಟ್ಟುಕೊಂಡು, ಏಳುವಾಗ ಅಷ್ಟನ್ನೂ ಡಬ್ಬಿಗೆ ಎಣಿಸಿ ಹಾಕಿರಿ. ಒಂದು ಕಡಿಮೆಯಾದರೆ ಸಿಕ್ಕುವವರೆಗೆ ಆ ಅಂಗಿಯು ಮನೆಯ ಹೊಸ್ತಿಲನ್ನು ದಾಟಕೂಡದು.

"ಕೈಕೆಲಸವಲ್ಲವೆ, ಹಾಗೆಯೇ ಇರುವುದು" ಎಂಬ ಮಾತೊಂದು ಈಚೆಗೆ ಬಹಳವಾಗಿ ಕೇಳಿಬರುತ್ತದೆ. ಮೇಲೆ ಹೇಳಿದ ಮೆಂಥಿಯ ಹಿಂಬದಿಗೆ ಈ ಮಾತು ಸಲ್ಲುತ್ತದೆ. ಬಾಯಿಬಿಟ್ಟ ಹೊಲಿಗೆಗೆ ಸಲ್ಲುವುದಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಅಮೇರಿಕದ ಹಳೆಯ ಕಾಲದ ಹೆಂಗಸರು ದೇವರೊಬ್ಬನೇ ಪರಿಪೂರ್ಣನೆಂಬ ವಿನಯದಿಂದ ತಮ್ಮ ಕೌದಿಗಳಲ್ಲಿ ಬೇಕೆಂದೇ ಒಂದು ತುಂಡನ್ನು ತಪ್ಪಾಗಿ ಹೊಲಿಯುತ್ತಿದ್ದರೆಂದು ಒಂದು ಕಥೆಯುಂಟು. ಆ ದೇಶದ ಕೌದಿಗಳ ಚರಿತ್ರೆಯನ್ನು ಶೋಧಿಸಿದವರು ಇದನ್ನು ಕಟ್ಟುಕಥೆಯೆಂದೇ ಎಣಿಸುವರು. ಅದು ಸಹಜವೂ ಆಗಿದೆ. ಹೊಲಿಗೆ ಬಲ್ಲ ಯಾರನ್ನಾದರೂ ಕೇಳಿರಿ: ತಪ್ಪುಗಳು ಬೇಕೆಂದು ಕರೆಯದೆಯೇ ಬರುವಾಗ, ಕರೆಯುವ ಶ್ರಮವೇಕೆ?

ಒಂದಿಷ್ಟು ಕುಂದನ್ನೂ ಸೈರಿಸದ ಹೊಲಿಗೆಯೊಂದು ನಮ್ಮ ನಾಡಿನಲ್ಲಿಯೇ ನಡೆಯುತ್ತಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜವನ್ನು ಹೊಲಿಯುವರು. ಕೆಲಸಗಾರರಲ್ಲಿ ಹೆಚ್ಚಿನವರು ಸ್ತ್ರೀಯರೇ. ಧ್ವಜದ ಅಳತೆ, ಬಟ್ಟೆ, ಬಣ್ಣ, ಹೊಲಿಗೆಗಳಿಗೆ 1951ರಲ್ಲಿಯೇ ಪ್ರಮಾಣವನ್ನು ಗೊತ್ತುಮಾಡಿ, ಮುಂದೆ 1968ರಲ್ಲಿ ತಿದ್ದಿದ್ದಾರೆ. ಉದ್ದ ಅಗಲಗಳು ಮೂರಕ್ಕೆ ಎರಡರಂತೆ ಇರಬೇಕು. ಮೂರು ಪಟ್ಟಿಗಳೂ ಸಮನಾಗಿರಬೇಕು. ಇಪ್ಪತ್ತನಾಲ್ಕು ಅರಗಳ ಚಕ್ರವು ಬಿಳಿಯ ಪಟ್ಟಿಯ ನಟ್ಟನಡುವೆ ಎರಡು ಮುಖಗಳಲ್ಲಿಯೂ ಪೂರ್ತಿಯಾಗಿ ಕಾಣಬೇಕು. 2021ರ ಕೊನೆಯಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಪಾಲಿಯೆಸ್ಟರ್ ಬಟ್ಟೆಯ ಮತ್ತು ಯಂತ್ರದಲ್ಲಾದ ಧ್ವಜಗಳಿಗೂ ಅನುಮತಿ ಕೊಟ್ಟಿರುವರಾದರೂ, ಬೆಂಗೇರಿಯ ಖಾದಿಯ ಧ್ವಜಕ್ಕೆ ಪ್ರಮಾಣದ ಮುದ್ರೆ ಬೀಳಬೇಕಾದರೆ ಒಂದೊಂದನ್ನೂ ಪರೀಕ್ಷಿಸಿಯೇ ಹೊರಗೆ ಬಿಡಬೇಕು. ಅಲ್ಲಿ "ಸ್ವಲ್ಪ ಓರೆಯಾಗಿದೆ, ಹತ್ತು ರೂಪಾಯಿ ಕಡಿಮೆ ಕೊಡಿರಿ" ಎಂಬ ಮಾತಿಗೆ ಎಡೆಯಿಲ್ಲ.

ಕೌದಿಯಲ್ಲಿ ಅಂದವೆನಿಸಿದ್ದು ಧ್ವಜದಲ್ಲಿ ದೋಷವಾಯಿತು. ಆದುದರಿಂದ ವಸ್ತುವು ಏನೆಂದು ಮಾತು ಕೊಟ್ಟಿದೆಯೋ ಅದನ್ನು ಹಿಡಿದೇ ಕುಂದನ್ನು ಅಳೆಯಬೇಕು. ನಮ್ಮ ದೇಶದ ಕಾನೂನೂ ಇದೇ ದಾರಿಯನ್ನು ಹಿಡಿದಿದೆ. 1930ರ ಸರಕು ಮಾರಾಟದ ಅಧಿನಿಯಮದಂತೆ, ಹೆಸರು ಹೇಳಿ ಮಾರಿದ ಸರಕು ಆ ಹೆಸರಿಗೆ ತಕ್ಕಂತೆ ಇರಬೇಕು. ಕೊಳ್ಳುವವನು ತಾನೇ ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣತಕ್ಕ ದೋಷಕ್ಕಾಗಿ ವಸ್ತು ಮಾರುವ ಗುಣದ್ದಲ್ಲವೆಂದು ಆಮೇಲೆ ತಕರಾರು ಹೂಡಲಾಗದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದೋಷವೆಂಬುದನ್ನು ವಿವರಿಸುವಾಗ, ಕಾನೂನಿನಿಂದಾಗಲಿ ಕರಾರಿನಿಂದಾಗಲಿ ಅಥವಾ ಮಾರುವವನು ಸ್ವತಃ ಹೇಳಿಕೊಂಡ ಮಾತಿನಿಂದಾಗಲಿ ಇರಬೇಕಾದ ಗುಣದಲ್ಲಿ ಬಂದ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಫೋನಿನಲ್ಲಿ ಚಿತ್ರ ಕಳುಹಿಸಿ ಮಾರುವವರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿ ಕೊಳ್ಳುವವರು ಮುಟ್ಟಿ ನೋಡಿರುವುದಿಲ್ಲ. ನಿಮ್ಮ ಮಾತೂ ನಿಮ್ಮ ಚಿತ್ರವೂ ಮಾತ್ರವೇ ಅವರ ಪರೀಕ್ಷೆ.

ಹೇಳುವ ಬಗೆಯೂ ಒಂದುಂಟು. "ಸಣ್ಣಪುಟ್ಟ ದೋಷಗಳು ಇರಬಹುದು" ಎಂದು ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ಓದಿದವರು ಇರುವುದಕ್ಕಿಂತ ಹೆಚ್ಚಿನದನ್ನು ಊಹಿಸಿಕೊಂಡು ದೂರ ಸರಿಯುವರು. "ಎಡಗಡೆಯ ಜೇಬಿನ ಪಟ್ಟೆಯು ಚೀಲದ ಪಟ್ಟೆಗಿಂತ ಅರ್ಧ ಬೆರಳಿನಷ್ಟು ಕೆಳಗಿದೆ, ಹೊಲಿಗೆ ಗಟ್ಟಿಯಾಗಿದೆ" ಎಂದು ಬರೆಯಿರಿ. ಕುಂದಿನ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಹಗಲ ಬೆಳಕಿನಲ್ಲಿ ಹತ್ತಿರದಿಂದ ಒಂದು ಚಿತ್ರ, ವಸ್ತುವೆಲ್ಲ ಕಾಣುವಂತೆ ಒಂದು ಮಾರು ದೂರದಿಂದ ಇನ್ನೊಂದು, ಹೀಗೆ ಎರಡನ್ನೂ ಕಳುಹಿಸಬೇಕು. ಹತ್ತಿರದ್ದನ್ನು ಮಾತ್ರ ಕಳುಹಿಸಿದರೆ ಸಾಸಿವೆಯು ಬೆಟ್ಟವಾಗಿ ತೋರುವುದು.

ಇನ್ನು ಬೆಲೆ. ಒಂದು ಚೀಲದ ಲೆಕ್ಕವನ್ನು ಹಾಕಿ ನೋಡೋಣ. ಬಟ್ಟೆ, ಅಸ್ತರು, ಜಿಪ್ಪು, ದಾರಗಳಿಗೆ 140 ರೂಪಾಯಿ. ಮೂರು ತಾಸಿನ ಕೆಲಸಕ್ಕೆ ತಾಸಿಗೆ 70ರಂತೆ 210. ಯಂತ್ರದ ಸವೆತಕ್ಕೂ ಲಾಭಕ್ಕೂ ಸೇರಿ 50. ಒಟ್ಟು 400. ಪಟ್ಟೆ ಕೂಡದ ಜೇಬನ್ನು ಬಿಚ್ಚಿ ಹೊಲಿಯಲು ಒಂದೂವರೆ ತಾಸು ಹಿಡಿಯುವುದಾದರೆ 105 ರೂಪಾಯಿಯ ದುಡಿಮೆ ವ್ಯರ್ಥ. ಅದಕ್ಕಿಂತ ಕುಂದನ್ನು ಹೇಳಿ 350ಕ್ಕೆ ಮಾರಿದರೆ ಲಾಭವನ್ನು ಬಿಟ್ಟಂತಾಯಿತೇ ಹೊರತು ಕೂಲಿಯನ್ನು ಬಿಟ್ಟಂತಾಗಲಿಲ್ಲ. ಕೊಂಡವರಿಗೂ 50 ಉಳಿಯಿತು. ಕಾಲು ತಾಸಿನಲ್ಲಿ ಸರಿಹೋಗುವ ಕೆಲಸವಾದರೆ ಮಾತ್ರ ಸೋಮಾರಿತನ ಮಾಡದೆ ಬಿಚ್ಚಿಬಿಡಬೇಕು. 350ಕ್ಕಿಂತಲೂ ಕೆಳಗೆ ಎಳೆಯುವವರು ಬಂದರೆ, ಚೀಲವನ್ನು ಮನೆಯ ತರಕಾರಿಗೆ ಇಟ್ಟುಕೊಳ್ಳುವುದೇ ಲೇಸು. ಒಮ್ಮೆ ಕೂಲಿಯನ್ನು ಬಿಟ್ಟುಕೊಟ್ಟು ಮಾರಿದ ಬೆಲೆಯೇ ಮುಂದಿನ ಸಲದ ಬೆಲೆಯಾಗಿ ನಿಲ್ಲುವುದು. ರಾತ್ರಿ ಹನ್ನೊಂದರವರೆಗೆ ದೀಪ ಉರಿಸಿ, ಯಾರೂ ನೋಡದ ಒಳಮೈಯ ಹೊಲಿಗೆಯನ್ನು ಮೂರು ಸಲ ಬಿಚ್ಚುವವರಿಗೆ ನಾವು ಹೇಳುವುದಿಷ್ಟೆ: ಕಣ್ಣು ಒಮ್ಮೆ ಹೋದರೆ ಕೊಳ್ಳಲು ಸಿಗುವುದಿಲ್ಲ.

ಕೊಳ್ಳುವ ಮನೆಯವರೂ ಈ ಪುಟವನ್ನು ಓದುವರೆಂದು ಬಲ್ಲೆವು. ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬರುವ ಮಹಾಶಯರು, ನೆರೆಮನೆಯಾಕೆಯ ಕೈಹೊಲಿಗೆಯನ್ನು ಮೂಗಿನ ಬಳಿ ಹಿಡಿದು ಕಣ್ಣುಗಳನ್ನು ಎಣಿಸುವರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇರುವ ಕುಂದಿಗೆ ಕಾಸನ್ನು ಇಳಿಸಿಕೊಳ್ಳುವುದು ನ್ಯಾಯ. ಇಲ್ಲದ ಕುಂದನ್ನು ಕಲ್ಪಿಸಿ ಇಳಿಸುವುದು ಚೌಕಾಶಿಯಲ್ಲ, ಬೇರೆ ಏನೋ ಆಯಿತು.

ಎಲ್ಲಕ್ಕಿಂತ ಕಠಿಣವಾದುದು ಗುತ್ತಿಗೆಯ ಹೊಲಿಗೆ. ಬಟ್ಟೆಯನ್ನು ವ್ಯಾಪಾರಿಯು ಕೊಡುವನು; ಒಂದೊಂದು ತುಂಡಿಗೆ ಇಷ್ಟೆಂದು ಕೂಲಿ. ತಿಂಗಳ ಕೊನೆಗೆ ಐವತ್ತು ತುಂಡುಗಳನ್ನು ಒಯ್ದುಕೊಟ್ಟರೆ ಎಂಟನ್ನು ಬದಿಗೆ ಎಸೆದು, "ಇವು ಕೆಟ್ಟಿವೆ" ಎಂದು ಅವುಗಳ ಕೂಲಿಯನ್ನು ಮುರಿದುಕೊಳ್ಳುವ ಪದ್ಧತಿಯು ಅಲ್ಲಲ್ಲಿ ಉಂಟು. ಆಮೇಲೆ ಆ ಎಂಟು ತುಂಡುಗಳು ಏನಾಗುವುವು? ಅವು ಉಳಿದ ನಲವತ್ತೆರಡರ ಜೊತೆಯಲ್ಲಿ ಅದೇ ಬೆಲೆಗೆ ಮಾರಾಟವಾದರೆ, ಕುಂದು ಇದ್ದುದು ಎಲ್ಲಿ? ಕೂಲಿ ಮುರಿದ ತುಂಡನ್ನು ಬಟ್ಟೆಯ ಬೆಲೆಯನ್ನಷ್ಟೇ ಹಿಡಿದುಕೊಂಡು ಹೊಲಿದಾಕೆಗೆ ಮರಳಿ ಕೊಡಬೇಕು, ಇಲ್ಲವೆ ಇಳಿಸಿದ ಬೆಲೆಗೆ ಮಾರಿ ಇಳಿಸಿದ ಕೂಲಿಯನ್ನಾದರೂ ಕೊಡಬೇಕು. ಮೂರನೆಯ ದಾರಿಯನ್ನು ಯಾವ ಮರ್ಯಾದಸ್ಥ ವ್ಯಾಪಾರಿಯೂ ಹಿಡಿಯಲಾರನು.

ಇದನ್ನು ಕೆಲಸ ಮುಗಿದ ಮೇಲೆ ವಾದಿಸಹೋದರೆ ಫಲವಿಲ್ಲ. ಬಟ್ಟೆಗೆ ಕತ್ತರಿ ತಾಕಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಾದರಿಗಾಗಿ ಎರಡು ತುಂಡುಗಳನ್ನು ಹೊಲಿದು, ವ್ಯಾಪಾರಿಗೆ ತೋರಿಸಿ, ಅವನು ಒಪ್ಪಿದ ಮೇಲೆ ಎರಡಕ್ಕೂ ಅವನ ರುಜುವುಳ್ಳ ಚೀಟಿಯನ್ನು ಹೊಲಿದು, ಒಂದನ್ನು ಅವನ ಬಳಿಯಲ್ಲಿಯೂ ಮತ್ತೊಂದನ್ನು ನಿಮ್ಮ ಪೆಟ್ಟಿಗೆಯಲ್ಲಿಯೂ ಇಡಿರಿ. ಅಂಗುಲಕ್ಕೆ ಎಷ್ಟು ಹೊಲಿಗೆ, ಪಟ್ಟೆ ಎಷ್ಟು ಕದಲಿದರೆ ನಡೆಯುವುದು, ಯಾವುದಕ್ಕೆ ಕೂಲಿ ಮುರಿಯುವುದು ಎಂಬುದನ್ನು ಆ ಚೀಟಿಯಲ್ಲಿಯೇ ಬರೆಯಿಸಿಕೊಳ್ಳಿರಿ. ಮುಂದೆ ಅವನು ಒಂದು ತುಂಡನ್ನು ಬದಿಗೆಸೆದಾಗ, ಪೆಟ್ಟಿಗೆಯಿಂದ ಮಾದರಿಯನ್ನು ತೆಗೆದು ಪಕ್ಕದಲ್ಲಿಟ್ಟು, ವ್ಯತ್ಯಾಸವೆಲ್ಲಿದೆ ಎಂದು ಬೆರಳಿಟ್ಟು ತೋರಿಸುವಂತೆ ಕೇಳಿರಿ.